ಬರಬೇಡಿ ಎನ್ನಲು ಹೊರಟವರು

ಹೇಳಿಬಿಡಬೇಕೆ? ಹೇಳುವುದಾದರೆ ಮೊದಲು ಯಾರಿಗೆ? ಮಗಳಿಗೋ, ಅವಳ ಅಮ್ಮನಿಗೋ, ಇಲ್ಲ ನೇರವಾಗಿ ಆ ಹುಡುಗನಿಗೋ? ಹೇಳಿದರೆ ಅವರ ಮುಖ ನೋಡಬೇಕಾಗುತ್ತದೆ. ಹೇಳದಿದ್ದರೂ ಇನ್ನು ಒಂಬತ್ತು ದಿನಕ್ಕೆ ತಾನಾಗಿಯೇ ಗೊತ್ತಾಗುತ್ತದೆ, ನಲವತ್ತು ಕುರ್ಚಿಯ ಕೋಣೆಯ ಮುಂದೆ ಎರಡು ಬೀದಿಯ ಜನ ಬಂದು ನಿಂತಾಗ.

ಅವನು ಪ್ರೆಸ್ಸಿನ ಬಾಗಿಲಲ್ಲಿ ನಿಂತು ಕೈಯಲ್ಲಿದ್ದ ಚೀಟಿಯನ್ನು ಮತ್ತೊಮ್ಮೆ ನೋಡಿದ. ಅಚ್ಚು ಚೆನ್ನಾಗಿಯೇ ಬಂದಿತ್ತು. ಮಗಳ ಮದುವೆ, ವರ್ಷದ ಕೊನೆಯ ರಜೆಯಲ್ಲಿ, ಬೆಳಗ್ಗೆ ಹನ್ನೊಂದಕ್ಕೆ, ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ. ಕೆಳಗೆ ಅವನೇ ಬರೆದ ಒಂದು ಸಾಲು: ತಪ್ಪದೇ ಬನ್ನಿ. ಈ ಚೀಟಿಯನ್ನು ಅವನ ಕೈಗೆ ತುರುಕಿ ಬಣ್ಣದಂಗಡಿಯವನು ಈಗಷ್ಟೇ ಮಂಜಿನಲ್ಲಿ ಮರೆಯಾಗಿದ್ದ.

"ಮೌನಿ, ಬಾಯಿ ಬಿಡದೇ ಇಡೀ ಬೀದೀನೇ ಕರೆದುಬಿಟ್ಟೆಯಲ್ಲೋ! ನಾವು ಆರು ಜನ ಬರ್ತೀವಿ. ಅತ್ತೆ ಸೇರಿದ್ರೆ ಏಳು. ಅವರನ್ನ ಬಿಟ್ಟು ಬಂದ್ರೆ ನನಗೆ ಉಳಿಗಾಲ ಇಲ್ಲ," ಎಂದು ಹೇಳಿ ಹೋಗಿದ್ದ.

ಬೀದಿಯಲ್ಲಿ ಎಲ್ಲರೂ ಅವನನ್ನು ಕರೆಯುವುದು ಹಾಗೆಯೇ, ಮೌನಿ ಎಂದು. ಮುಂಜಾನೆಯಿಂದ ಸಂಜೆಯವರೆಗೆ ಮೆಷಿನ್ ಗಡಗಡ ಎನ್ನುವ ಜಾಗದಲ್ಲಿ ಮೂವತ್ತು ವರ್ಷ ಕಳೆದವನಿಗೆ ಮಾತು ದಂಡ ಅನ್ನಿಸಿಬಿಟ್ಟಿತ್ತು. ಪ್ರೆಸ್ಸಿನ ಕೆಲಸವೂ ಹಾಗೇ ನಡೆಯುತ್ತಿತ್ತು, ಹೇಳದೆ ಕೇಳದೆ, ರೂಢಿಯ ಮೇಲೆ. ತಪ್ಪಾಗಿದ್ದು ಅಲ್ಲೇ.

ಪ್ರತಿ ವರ್ಷ ಅಂಗಡಿಯವರ ಸಂಘಕ್ಕೆ ಇನ್ನೂರು ಕ್ಯಾಲೆಂಡರ್ ಅಚ್ಚಾಗುತ್ತದೆ. ದೊಡ್ಡ ಶೀಟಿನಲ್ಲಿ ಕ್ಯಾಲೆಂಡರ್ ಕೂತ ಮೇಲೆ ಕೆಳಗೆ ನಾಲ್ಕು ಬೆರಳಗಲ ಜಾಗ ಉಳಿಯುತ್ತದೆ. ಕಾಗದ ಹಾಳಾಗಬಾರದೆಂದು ಆ ಜಾಗದಲ್ಲಿ ಪ್ರೆಸ್ಸಿನ ಶುಭಾಶಯದ ಚೀಟಿ ಅಚ್ಚು ಹಾಕಿ, ಕತ್ತರಿಸಿ, ಕ್ಯಾಲೆಂಡರ್ ಸುರುಳಿಯೊಳಗೆ ಇಟ್ಟು ಕಳಿಸುವುದು ವಾಡಿಕೆ. ಈ ಸಲ ಅವನು ಶುಭಾಶಯ ತೆಗೆದು ಅಲ್ಲಿ ಮದುವೆಯ ಕರೆಯೋಲೆ ಕೂರಿಸಿದ. ಬೇಕಿದ್ದದ್ದು ನಲವತ್ತು, ಮಿಕ್ಕ ನೂರ ಅರವತ್ತು ರದ್ದಿಗೆ. ಲೆಕ್ಕ ಅವನ ತಲೆಯಲ್ಲಿತ್ತು. ಬಾಯಿಗೆ ಬರಲಿಲ್ಲ. ಅಂದು ಗ್ರಂಥಾಲಯದ ಕೋಣೆ ನೋಡಲು ಹೋದವನು ಮರುದಿನ ಬರುವಷ್ಟರಲ್ಲಿ ಒಂದು ಕಟ್ಟು ಚೀಟಿ ಅವನ ಮೇಜಿನ ಮೇಲಿತ್ತು, ನಲವತ್ತಕ್ಕೆ ಒಂದೆರಡು ಹೆಚ್ಚೇ. ಮಿಕ್ಕವು ರದ್ದಿಗೆ ಹೋಗಿರಬೇಕೆಂದು ಅವನು ಕೇಳಲೂ ಇಲ್ಲ.

"ಅಕ್ಕಾ," ಎಂದು ಒಳಗೆ ಬಂದ.

ಬೈಂಡಿಂಗ್ ಮೇಜಿನ ಹಿಂದೆ ಕೂತಿದ್ದ, ಪ್ರೆಸ್ಸಿನಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುವ ಕೆಲಸದಾಕೆ ತಲೆ ಎತ್ತಿದಳು. ಇಪ್ಪತ್ತೆರಡು ವರ್ಷದಿಂದ ಅದೇ ಮೇಜು, ಅದೇ ಉಣ್ಣೆ ಟೋಪಿ.

"ಚೀಟಿ?" ಎಂದು ಕೇಳಿದ.

"ಒಂದೂ ಬಿಡದ ಹಾಗೆ ಸೇರಿಸಿದ್ದೀನಿ ಅಣ್ಣ. ಕಡೇ ನಲವತ್ತಕ್ಕೆ ಮಾತ್ರ ಹಳೇ ವರ್ಷದ ಶುಭಾಶಯ ಹಾಕಿದೆ, ನಿಮ್ಮ ನೆಂಟರಿಗೆ ಬೇಕಾಗುತ್ತಲ್ಲ ಅಂತ." ಅವಳ ಕಣ್ಣು ತೇವವಾಯಿತು. "ಸುರುಳಿ ಸುತ್ತುತ್ತಾ ಸುತ್ತುತ್ತಾ ಅತ್ತುಬಿಟ್ಟೆ ನೋಡಿ. ಇಷ್ಟು ವರ್ಷ ಇವರು ಒಂದು ಮಾತಾಡಲ್ಲ, ಮಗಳ ಮದುವೆಗೆ ಮಾತ್ರ ಎರಡು ಬೀದಿ ಕರೀತಿದ್ದಾರೆ, ಎಂಥಾ ದೊಡ್ಡ ಮನಸ್ಸು ಅಂತ."

ಅವನು ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ. ಆ ತೇವದ ಕಣ್ಣಿಗೆ ಏನು ಹೇಳುವುದು?

ನಲವತ್ತು ಎಂಬುದು ಸುಮ್ಮನೆ ಹುಟ್ಟಿದ ಸಂಖ್ಯೆಯಲ್ಲ. ಅಳಿಯನಾಗುವ ಹುಡುಗ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವನು. ಕೈ ಎಷ್ಟು ನಯವೋ ನಾಲಿಗೆ ಅಷ್ಟೇ ಮೊಂಡು. ಕೆಲವು ಮಾತುಗಳ ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಮದುವೆಯಲ್ಲಿ ಬೇರೆ ಯಾರೂ ಓದಿ ಹೇಳುವುದು ಬೇಡ, ಅವಳಿಗೆ ಹೇಳಬೇಕಾದ ನಾಲ್ಕು ಮಾತನ್ನು ತಾನೇ ಹೇಳಬೇಕು ಎಂಬುದು ಅವನ ಆಸೆ. ಅದಕ್ಕೇ ನಲವತ್ತು. "ನಲವತ್ತು ಜನರ ಮುಂದೆ ಹೇಗೋ ಹೇಳ್ತಾನಂತೆ ಅಪ್ಪ. ಅದಕ್ಕಿಂತ ಜಾಸ್ತಿ ಆದ್ರೆ ಬಾಯೇ ಬರಲ್ವಂತೆ," ಎಂದಿದ್ದಳು ಮಗಳು.

ಮೌನಿ ಅಂದೇ ಹೊರಟ. ಒಂದೊಂದು ಅಂಗಡಿಗೂ ಹೋಗಿ, ತಪ್ಪಾಗಿದೆ, ದಯವಿಟ್ಟು ಬರಬೇಡಿ ಎಂದರೆ ಮುಗಿಯಿತು. ಮದುವೆಗೆ ಕರೆಯಲು ಹೋಗುವವರಿದ್ದಾರೆ. ಬೇಡವೆನ್ನಲು ಹೋದವರಿದ್ದಾರೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಬೀದಿಯಲ್ಲಿ ರಜೆಯ ಸಂಭ್ರಮಕ್ಕೆ ಅಂಗಡಿಯಿಂದ ಅಂಗಡಿಗೆ ದೀಪದ ಸರ ಕಟ್ಟುತ್ತಿದ್ದರು. ಏಣಿಯ ಮೇಲಿಂದ ಯಾರೋ "ಶುಭಾಶಯ ಮೌನಿ!" ಎಂದು ಕೂಗಿದರು. ಅವನು ಕೈ ಎತ್ತಿದ. ಕೈ ಎತ್ತಿದ ಮೇಲೆ ಬರಬೇಡಿ ಎನ್ನಲು ಆಗುತ್ತದೆಯೇ?

ಔಷಧದಂಗಡಿಯಾಕೆ ಅವನನ್ನು ಕಂಡೊಡನೆ ಕೌಂಟರ್ ದಾಟಿ ಬಂದಳು. "ಅಯ್ಯೋ, ಕರೆಯೋಕೆ ಖುದ್ದಾಗಿ ಬೇರೆ ಬಂದ್ರಾ? ಚೀಟಿ ಸಾಕಾಗ್ತಿತ್ತು."

"ಅಲ್ಲ, ಅದು..."

"ಬರ್ತೀವಿ, ಖಂಡಿತ ಬರ್ತೀವಿ. ನಮ್ಮ ತಂಗಿ ರಜೆಗೆ ಬಂದಿದ್ದಾಳೆ, ಅವಳನ್ನೂ ಕರ್ಕೊಂಡು ಬರ್ಲಾ?"

ಅವನ ತಲೆ ತಾನಾಗಿಯೇ ಆಡಿತು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಅಂಗಡಿ ಮುಗಿದಿದ್ದವು. ಬರಬೇಡಿ ಎಂದು ಹೇಳಲು ಹೋದವನು ಹನ್ನೊಂದು ಜನರನ್ನು ಹೆಚ್ಚಿಸಿಕೊಂಡು ಬಂದಿದ್ದ.

ಮಗಳು ಪಶುವೈದ್ಯೆ. ಮರುದಿನ ಬೆಳಗ್ಗೆ ಅವಳು ಚಿಕಿತ್ಸಾಲಯದ ಬಿಳಿ ಕೋಟಿನಲ್ಲೇ ಪ್ರೆಸ್ಸಿಗೆ ನುಗ್ಗಿದಳು. ತೋಳಿನ ಮೇಲೆ ಬೆಕ್ಕಿನ ಕೂದಲು, ಹಿಂದೆ ಹುಡುಗ, ಅವನ ಹಿಂದೆ ಅವಳ ಅಮ್ಮ.

"ಅಪ್ಪಾ, ಈಗ ಒಬ್ಬರು ನಾಯಿಗೆ ಚುಚ್ಚುಮದ್ದು ಹಾಕಿಸೋಕೆ ಬಂದಿದ್ರು. ಮದುವೆಗೆ ನಾಯೀನೂ ಕರ್ಕೊಂಡು ಬರಬಹುದಾ ಅಂತ ಕೇಳ್ತಿದ್ದಾರೆ. ಅವರು ಯಾರು ಅಂತಾನೇ ನನಗೆ ಗೊತ್ತಿಲ್ಲ!"

ಮೌನಿ ಚೀಟಿಯ ಕತೆ ಹೇಳಿದ. ಐದು ವಾಕ್ಯದಲ್ಲಿ ಮುಗಿಯಿತು. ಅಕ್ಕ ಟೋಪಿ ತೆಗೆದು ಮುಖ ಮುಚ್ಚಿಕೊಂಡಳು.

"ರೀ, ನೂರ ಅರವತ್ತು ಮನೆ! ಒಂದು ಮಾತು, ಒಂದೇ ಒಂದು ಮಾತು, 'ಅಕ್ಕ, ಇದನ್ನ ಸೇರಿಸ್ಬೇಡ' ಅಂದಿದ್ರೆ ನಿಮ್ಮ ಬಾಯಿಂದ ಮುತ್ತು ಉದುರಿಹೋಗ್ತಿತ್ತಾ?" ಎಂದಳು ಹೆಂಡತಿ.

ಹುಡುಗ ಮಾತ್ರ ನಗುತ್ತಿದ್ದ. ನಗುವಾಗ ಅವನಿಗೆ ತೊಡಕಿರಲಿಲ್ಲ. ನಕ್ಕು ಮುಗಿಸಿ, "ನ... ನ... ನಾನೂ ಬರ್ತೀನಿ ಮಾವ. ಇ... ಇಬ್ಬರೂ ಹೋಗಿ ಹೇಳೋಣ," ಎಂದ.

"ನೀನು ಯಾಕೆ?" ಎಂದಳು ಮಗಳು.

"ಮಾವ ಹೋ... ಹೋದ್ರೆ ನಾಯಿ, ಬೆಕ್ಕು ಎಲ್ಲಾ ಬ... ಬರುತ್ತೆ."

ಅಕ್ಕ ಟೋಪಿಯೊಳಗಿಂದಲೇ ಕಿಸಕ್ಕನೆ ನಕ್ಕಳು. ಮಗಳಿಗೂ ತಡೆಯಲಾಗಲಿಲ್ಲ.

ಮೊದಲು ಹೋದದ್ದು ಬಟ್ಟೆ ಹೊಲಿಯುವಾಕೆಯ ಅಂಗಡಿಗೆ. ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ನೋಡಿದಳು. ಹುಡುಗ ಕೈ ಜೋಡಿಸಿದ. "ನ... ನಮ್ಮ ಮದುವೆ..." ಎಂದ. ಮುಂದಿನ ಮಾತು ಬರಲಿಲ್ಲ. ಕತ್ತಿನ ನರ ಬಿಗಿಯಿತು, ಕಣ್ಣು ಪಿಳಿಪಿಳಿ ಎಂದಿತು. ಅಂಗಡಿಯಲ್ಲಿದ್ದ ಗಿರಾಕಿ ಹೆಂಗಸು ನೆಲ ನೋಡಿದಳು. ಒಂದು ಕ್ಷಣ, ಎರಡು ಕ್ಷಣ. ಮೂವತ್ತು ವರ್ಷ ಯಾರ ಮಾತಿನ ನಡುವೆಯೂ ಬಾಯಿ ಹಾಕದ ಮೌನಿ ಗಡಿಬಿಡಿಯಲ್ಲಿ, "ಚಿಕ್ಕದಾಗಿ ಮಾಡ್ತಿದ್ದೀವಿ, ಕೋಣೆ ಸಣ್ಣದು, ತಪ್ಪು ತಿಳ್ಕೋಬೇಡಿ," ಎಂದುಬಿಟ್ಟ.

ಹೊರಗೆ ಬಂದಾಗ ಹುಡುಗ ನಿಂತ. ಬಾಯಿಂದ ಹಬೆ ಬರುತ್ತಿತ್ತು.

"ಮಾವ, ಒಂ... ಒಂದು ಮಾತು. ನನ್ನ ಮಾತು ನೀವು ಮು... ಮುಗಿಸಬೇಡಿ. ತಡ ಆಗುತ್ತೆ, ಆದ್ರೆ ನಾ... ನಾನೇ ತಲುಪ್ತೀನಿ."

ಅದರಲ್ಲಿ ಸಿಟ್ಟಿರಲಿಲ್ಲ. ದಾರಿ ಹೇಳುವವನ ಹಾಗೆ ಹೇಳಿದ್ದ. ಮೌನಿ ತಲೆಯಾಡಿಸಿದ. ಮುಂದಿನ ಅಂಗಡಿಯವರೆಗೂ ಅವನು ತನ್ನನ್ನು ತಾನೇ ಕೇಳಿಕೊಳ್ಳುತ್ತಾ ನಡೆದ. ಯಾರನ್ನು ಕಾಪಾಡಲು ನಾನು ಮಾತಾಡಿದೆ? ಸುಮ್ಮನಿರುವುದೊಂದೇ ನನಗೆ ಬರುವ ವಿದ್ಯೆ. ಅದು ಬೇಕಾದ ಹೊತ್ತಿಗೇ ಯಾಕೆ ಕೈಕೊಟ್ಟಿತು?

ಅಲ್ಲಿಂದ ಮುಂದೆ ಅವನು ಬಾಗಿಲ ಪಕ್ಕ ನಿಂತ, ತುಟಿ ಕಚ್ಚಿ. ಹುಡುಗ ಪ್ರತಿ ಕಡೆಯೂ ಅದೇ ಮಾತು ಹೇಳಿದ: ಚೀಟಿ ತಪ್ಪಿ ಬಂದಿದೆ, ನಾವು ನಲವತ್ತು ಜನ ಮಾತ್ರ ಸೇರುತ್ತಿದ್ದೇವೆ, ನಿಮ್ಮ ಹಾರೈಕೆ ಇರಲಿ. ಚಪ್ಪಲಿ ಅಂಗಡಿಯಲ್ಲಿ ಅದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದರೆ ಒಬ್ಬ ಗಿರಾಕಿ ಮೂರು ಜೊತೆ ಹಾಕಿ ನೋಡಿ ಎದ್ದುಹೋದ. ಗಡಿಯಾರದ ಅಂಗಡಿಯಲ್ಲಿ ಸ್ವಲ್ಪ ಬೇಗ ಮುಗಿಯಿತು. ಹೂವಿನ ಅಂಗಡಿಯಲ್ಲಿ ಇನ್ನೂ ಬೇಗ. ತೊಡಕು ಹೋಗಿರಲಿಲ್ಲ, ಅದು ಇದ್ದ ಕಡೆಯೇ ಇತ್ತು. ಆದರೆ ಅದರ ಬಳಿ ಬಂದಾಗ ಹುಡುಗ ಈಗ ಕಣ್ಣು ಮುಚ್ಚುತ್ತಿರಲಿಲ್ಲ. ಬಾಗಿಲು ತೆರೆಯಲಿ ಎಂದು ನಿಂತವನ ಹಾಗೆ ಎದುರಿನವರ ಮುಖ ನೋಡುತ್ತಾ ನಿಲ್ಲುತ್ತಿದ್ದ.

ಮೂರನೆಯ ದಿನ, ಮೂವತ್ತೊಂದನೆಯ ಅಂಗಡಿ. ಬೀಗದ ಕೈ ಮಾಡುವ ಮುದುಕ ಅರ ಹಿಡಿದು ಕೀ ಉಜ್ಜುತ್ತಲೇ ಎಲ್ಲ ಕೇಳಿಸಿಕೊಂಡ. ಹುಡುಗ ತಡೆದಲ್ಲಿ ಅವನೂ ಅರ ತಡೆದ. ಹುಡುಗ ಮುಂದುವರಿದಾಗ ಅವನೂ ಮುಂದುವರಿದ. ಕೊನೆಗೆ ಕೀಯ ಪುಡಿ ಊದಿ, "ನನ್ನ ಆಯಸ್ಸಿನಲ್ಲಿ ಎಷ್ಟೋ ಮದುವೆಗೆ ಕರೆದಿದ್ದಾರಪ್ಪ, ಬಾಗಿಲಲ್ಲೇ ನಿಂತು, ಬಂದ್ರೆ ಬನ್ನಿ ಅಂತ. ಬರಬೇಡಿ ಅಂತ ಇಷ್ಟು ಪ್ರೀತಿಯಿಂದ ಯಾರೂ ಹೇಳಿರಲಿಲ್ಲ," ಎಂದ.

ಹುಡುಗನಿಗೆ ನಗು ಬಂತು. ನಗುತ್ತಾ ಮೌನಿಯತ್ತ ತಿರುಗಿದ. "ಮಾವ, ಮೂ... ಮೂವತ್ತೊಂದು ಅಂಗಡಿ. ಒಬ್ಬರೂ ನ... ನಗಲಿಲ್ಲ. ಇಷ್ಟು ಜನರ ಹತ್ರ ಮಾತಾಡಿ ಆಯ್ತಲ್ಲ. ಇನ್ನು ಯಾ... ಯಾರಿಗೆ ಹೆದರಬೇಕು?" ಮತ್ತೆ ಮುದುಕನತ್ತ ತಿರುಗಿ, "ಅಜ್ಜ, ಬ... ಬನ್ನಿ. ಮದುವೆಗೆ ಬನ್ನಿ," ಎಂದ.

"ಈಗಷ್ಟೇ ಬೇಡ ಅಂದ್ಯಲ್ಲೋ!"

"ಮನಸ್ಸು ಬದಲಾಯ್ತು."

ಆ ಎರಡು ಪದ ಎಲ್ಲೂ ಸಿಕ್ಕಿಕೊಳ್ಳದೆ ಬಂದವು.

ಮಗಳು ವಿಷಯ ಕೇಳಿ ಬಿಳಿ ಕೋಟಿನ ಜೇಬಿಗೆ ಕೈ ಹಾಕಿ ನಿಂತಳು. "ಇಬ್ಬರಿಗೂ ತಲೆ ಕೆಟ್ಟಿದೆಯಾ? ಬರಬೇಡಿ ಅಂದ ಮೂವತ್ತು ಅಂಗಡಿಗೆ ಈಗ ಮತ್ತೆ ಹೋಗಿ ಬನ್ನಿ ಅಂತೀರಾ?" ಆಮೇಲೆ ಹುಡುಗನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ನಿಜವಾಗ್ಲೂ? ನನಗೋಸ್ಕರ ಬೇಡ," ಎಂದಳು.

"ನ... ನನಗೋಸ್ಕರ," ಎಂದ ಅವನು.

ಹಾಗೆ ಮತ್ತೆ ಹೊರಟರು. ಹೊಲಿಯುವಾಕೆ ಬಾಯಿಂದ ಗುಂಡುಸೂಜಿ ತೆಗೆದು, "ಕಡೇ ಮಾತು ತಾನೇ? ಸೀರೆಗೆ ಇಸ್ತ್ರಿ ಹಾಕಿಸ್ಲಾ?" ಎಂದು ಗದರಿದಳು. ಗಡಿಯಾರದವನು, "ನಾನು ಇವತ್ತು ಒಪ್ಪಿಕೊಳ್ಳಲ್ಲ, ನಾಳೆ ಮತ್ತೆ ಬದಲಾಗುತ್ತೆ, ನಾಳೆ ಬನ್ನಿ," ಎಂದ. ಈ ಸಲ ಕೆಲವು ಕಡೆ ಮೌನಿಯೂ ಮಾತಾಡಿದ, ತನ್ನ ಸರದಿ ಬಂದಾಗ. ಬೀದಿ ಬೆರಗಾಯಿತು.

ಕಡೆಯ ಮೂರು ದಿನ ಪ್ರೆಸ್ಸಿನಲ್ಲಿ ಮದುವೆಯ ಕೆಲಸ ಬಿಟ್ಟು ಬೇರೇನೂ ಆಗಲಿಲ್ಲ. ಅಕ್ಕ ವರ್ಷವಿಡೀ ಕೂಡಿಟ್ಟಿದ್ದ ಬಣ್ಣದ ಕಾಗದದ ಅಂಚುಗಳನ್ನೆಲ್ಲ ಸುರಿದು, ಮೌನಿಯ ಹೆಂಡತಿಯ ಜೊತೆ ಕೂತು ಉದ್ದದ ಮಾಲೆಗಳನ್ನು ಅಂಟಿಸಿದಳು. "ಅಂಟು ಕಡಿಮೆ ಹಾಕಮ್ಮ, ಬೆರಳೆಲ್ಲಾ ಮಾಲೆಗೇ ಸೇರ್ತಿದೆ," ಎಂದು ಒಬ್ಬರಿಗೊಬ್ಬರು ರೇಗುತ್ತಾ. ಹೂವಿನ ಅಂಗಡಿಯವರು ಬಿಳಿ ಹೂವಿನ ಬುಟ್ಟಿ ಕಳಿಸಿದರು. ಬಣ್ಣದಂಗಡಿಯವನು ಎರಡು ದಿನ ಮುಂಚೆ ಹೋಗಿ ಗ್ರಂಥಾಲಯದ ಮೆಟ್ಟಿಲ ಕಂಬಿಗೆ, ಯಾರನ್ನೂ ಕೇಳದೆ, ತಿಳಿಹಳದಿ ಬಣ್ಣ ಹೊಡೆದುಬಂದ.

ಮದುವೆಯ ಬೆಳಗ್ಗೆ ಮಂಜು ತೆಳುವಾಗಿ ಬಿಸಿಲು ಬಿತ್ತು. ಮಹಡಿಯ ಕೋಣೆಯ ನಲವತ್ತು ಕುರ್ಚಿ ಹತ್ತೂವರೆಗೇ ತುಂಬಿದವು. ಆಮೇಲೆ ಬಂದವರು ಪುಸ್ತಕದ ಕಪಾಟುಗಳ ನಡುವೆ ನಿಂತರು, ಮೆಟ್ಟಿಲ ಮೇಲೆ ಕೂತರು, ಕೆಳಗೆ ಓದುವ ಮೇಜಿನ ಸುತ್ತ ಸೇರಿದರು. ಬಣ್ಣದಂಗಡಿಯವನ ಅತ್ತೆಗೆ ಗ್ರಂಥಪಾಲಕರು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ನಾಯಿಯೂ ಬಂದಿತ್ತು, ಕತ್ತಿಗೆ ರಿಬ್ಬನ್ ಕಟ್ಟಿಕೊಂಡು. ಮೇಲಿನವರಿಗೂ ಕೆಳಗಿನವರಿಗೂ ಕೇಳಲಿ ಎಂದು ವಧೂವರರು ಮೆಟ್ಟಿಲ ತಿರುವಿನಲ್ಲಿ ನಿಂತರು.

ಮಗಳು ಮೊದಲು ಮಾತಾಡಿದಳು, ಬೇಗ ಬೇಗ, ನಡುವೆ ನಗುತ್ತಾ. ಆಮೇಲೆ ಹುಡುಗ. ಕೈಯಲ್ಲಿ ಚೀಟಿ ಇರಲಿಲ್ಲ.

"ದಿನವೆಲ್ಲಾ ನಾನು ಗಾಜು ಉಜ್ಜುತ್ತೀನಿ," ಎಂದ. "ಬೇರೆಯವರಿಗೆ ಕ... ಕಾಣಲಿ ಅಂತ. ನ... ನನಗೆ ಕಂಡಿದ್ದು..."

ನಿಂತುಹೋಯಿತು.

ನೂರೆಪ್ಪತ್ತು ಜನ ಇದ್ದರು. ಯಾರೂ ಕೆಮ್ಮಲಿಲ್ಲ. ನೆಲ ನೋಡಿದವರೂ ಇರಲಿಲ್ಲ. ಬೀಗದ ಅಜ್ಜ ಕಂಬಿ ಹಿಡಿದು, ಆತುರವಿಲ್ಲದವನ ಹಾಗೆ ಮೇಲೆ ನೋಡುತ್ತಿದ್ದ. ಮೌನಿಯ ಬಾಯೊಳಗೆ ಆ ಮಾತು ಬಂದು ಕೂತಿತ್ತು. ಏನಿರಬಹುದೆಂದು ಅವನಿಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಅವನು ಹಲ್ಲು ಕಚ್ಚಿದ. ಇಡೀ ಬೀದಿ ಒಂದೇ ಉಸಿರು ಹಿಡಿದು ಕಾಯುತ್ತಿರುವಾಗ ಮೌನ ಇಷ್ಟು ಬೆಚ್ಚಗಿರಬಹುದೆಂದು ಅವನಿಗೆ ಅದುವರೆಗೂ ತಿಳಿದಿರಲಿಲ್ಲ.

"...ನೀನು," ಎಂದ ಹುಡುಗ.

ಚಪ್ಪಾಳೆಗೆ ಕಪಾಟಿನ ಗಾಜು ಅದುರಿತು. ನಾಯಿ ಬೊಗಳಿತು. ಅಕ್ಕ ಟೋಪಿಯಲ್ಲಿ ಮುಖ ಒರೆಸಿಕೊಂಡಳು. ಮಗಳು ಅವನ ಎರಡೂ ಕೈ ಹಿಡಿದು ಅಲ್ಲೇ ಮೆಟ್ಟಿಲ ಮೇಲೆ ಕುಣಿದೇಬಿಟ್ಟಳು, ಅವಳ ಅಮ್ಮ "ಬೀಳ್ತೀಯ ಕಣೇ!" ಎಂದು ಕೂಗುತ್ತಿದ್ದ ಹಾಗೆಯೇ.

"ಮೌನಿ ಮಾತಾಡ್ಬೇಕು! ಮೌನಿ ಮಾತಾಡ್ಬೇಕು!" ಎಂದು ಬಣ್ಣದಂಗಡಿಯವನು ಶುರು ಮಾಡಿದ. ಎಲ್ಲರೂ ಸೇರಿದರು. ಹುಡುಗ ಮಾವನ ಕೈ ಹಿಡಿದು ತಿರುವಿಗೆ ಕರೆತಂದು ನಿಲ್ಲಿಸಿದ, ಪಕ್ಕದಲ್ಲೇ ನಿಂತ, ಎಷ್ಟು ಹೊತ್ತಾದರೂ ಕಾಯುತ್ತೇನೆ ಎಂಬ ಮುಖದಲ್ಲಿ.

ಮೌನಿ ಅವನ ಮುಖ ನೋಡಿದ. ಹೇಳಬೇಕಾದದ್ದು ಒಂದಿತ್ತು. ಅದನ್ನು ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ, ಇದಕ್ಕಿಂತ ಕೆಟ್ಟ ಗಳಿಗೆಯೂ ಇರಲಿಲ್ಲ.

"ಊಟ ಆರ್ತಾ ಇದೆ," ಎಂದ. "ಎಲ್ಲರೂ ಬನ್ನಿ."

ಬೀದಿಗೆ ಬೀದಿಯೇ ಗೊಳ್ಳೆಂದು ನಕ್ಕಿತು. ಅಳಿಯ ಎಲ್ಲರಿಗಿಂತ ಜೋರಾಗಿ ನಕ್ಕು ಅವನನ್ನು ಅಪ್ಪಿಕೊಂಡ.

ಹೊಲಿಗೆ ಅಂಗಡಿಯಲ್ಲಿ ಅಂದು ತಾನು ಮಾತು ಮುಗಿಸಿಕೊಟ್ಟದ್ದು ಕರುಣೆಯಿಂದಲ್ಲ, ಅಂಥ ಅಳಿಯನ ಪಕ್ಕ ನಿಲ್ಲಲು ನಾಚಿಕೆಯಾಗಿ ಎಂದು ಅವನು ಯಾರಿಗೂ ಎಂದೂ ಹೇಳಲಿಲ್ಲ.