ನಾಲ್ಕು ಮನೆ ಬಿಟ್ಟು ಐದನೆಯದು

ನಾಲ್ಕು ಮನೆ ಬಿಡಬೇಕು, ಐದನೆಯ ಮನೆಯಲ್ಲಿ ಕೇಳಬೇಕು. ಸಮೀಕ್ಷೆ ಕಂಪನಿಯ ಸೂಪರ್‌ವೈಸರ್ ಶಿವರುದ್ರಸ್ವಾಮಿ ಯಳಂದೂರಿನಲ್ಲಿ ಟ್ಯಾಬ್ ಕೈಗಿಡುವಾಗ ಇದನ್ನು ಮೂರು ಸಲ ಹೇಳಿದ್ದರು. ನಾನು ಎಲ್ಲಿ ನಿಂತರೂ ಅವರ ನಕ್ಷೆಯಲ್ಲಿ ಚುಕ್ಕಿ ಕಾಣುತ್ತದಂತೆ. ಶಾಗ್ಯ ಎಂಬ ಹಳ್ಳಿಯಲ್ಲಿ ಇಪ್ಪತ್ತು ಮನೆ ನಿಯಮದಂತೆ ಮುಗಿಸಿದರೆ ಕೆಲಸ ಖಾಯಂ. ಒಂದು ಮನೆ ಆಚೀಚೆಯಾದರೂ ಟ್ಯಾಬ್ ವಾಪಸ್.

ನಮ್ಮಜ್ಜಿಯ ಕತೆಯ ರಾಜ ಪ್ರಜೆಗಳ ಮನಸ್ಸು ತಿಳಿಯಲು ಕಂಬಳಿ ಹೊದ್ದು ಊರೂರು ತಿರುಗುತ್ತಿದ್ದ. ಅವನಿಗೆ ನಕ್ಷೆಯ ಕಾಟವಿರಲಿಲ್ಲ. ಕಂಡ ಜಗಲಿಯಲ್ಲಿ ಕೂತುಬಿಡುತ್ತಿದ್ದ.

ಮೊದಲ ಐದನೆಯ ಮನೆ ದೊಡ್ಡಬಸಮ್ಮನದು. ಚಾಪೆ ಹಾಸಿದರು. ಚುನಾವಣೆ ಬಂದರೆ ಯಾರಿಗೆ ವೋಟು ಎಂದು ಕೇಳಿದೆ.

"ಈಗಿರೋ ಎಮ್ಮೆಲ್ಲೆಗೇ ಕಣವ್ವ. ಇಷ್ಟ್ ಮನೆ ಬುಟ್ಟು ನನ್ನೇ ಉಡೀಕ್ಕಂಡು ಕಳ್ಸವ್ರಲ್ಲ."

"ಅವರು ಕಳಿಸಿಲ್ಲ ಅಜ್ಜಿ."

"ಗೊತ್ತು ಬುಡು, ಅಂಗೇ ಏಳು ಅಂತ ಏಳ್ಕೊಟ್ಟಿರ್ತರೆ."

ಹೊರಗೆ ಬಂದರೆ ಬಿಟ್ಟ ನಾಲ್ಕು ಮನೆಯವರೂ ಬೀದಿಯಲ್ಲಿದ್ದರು. ಮುಂದೆ ಪಕ್ಕದ ಮನೆಯ ಕೆಂಪಾಜಮ್ಮ, ಸೊಂಟದ ಮೇಲೆ ಕೈ.

"ನಮ್ಮನೆ ಬಾಗ್ಲು ಕಾಣ್ನಿಲ್ವಾ ಕೂಸೇ? ಮದ್ವೆ ಕರೆಯೋರೂ ಬೀದೀಲಿ ಒಂದ್ ಮನೆ ಬುಡಾಕಿಲ್ಲ. ಬುಟ್ರೆ ಮೂರ್ ವರ್ಸ ಮಾತಿಲ್ಲ."

ನಾನು ತರಬೇತಿಯ ಪಾಠ ಒಪ್ಪಿಸಿದೆ. "ಫ್ಯಾಕ್ಟರೀಲಿ ಒಂದು ಲೋಡ್ ಕಬ್ಬಿಂದ ನಾಲ್ಕು ಜಲ್ಲೆ ಎಳೆದು ಸಿಹಿ ನೋಡ್ತಾರಲ್ಲ, ಹಾಗೆ ಅಜ್ಜಿ."

"ಕಬ್ಬಿಗೆ ಮುನಿಸು ಬರಾಕಿಲ್ಲ. ನಮ್ಗೆ ಬತ್ತದೆ. ಅವ್ಳು ಯಾರ್ಗಂದ್ಲು?"

"ಅದು ಗುಟ್ಟು, ಹೇಳಂಗಿಲ್ಲ."

"ಈಗಿರೋರ್ಗೇ ಅಂದೆ, ಏನೀಗ?" ದೊಡ್ಡಬಸಮ್ಮ ಒಳಗಿನಿಂದಲೇ ಕೂಗಿದರು.

"ಅಂಗಾರೆ ನಮ್ ನಾಕು ಮನೇದೂ ಎದುರ್ ಪಾರ್ಟಿಯೋರ್ಗೆ. ಬರ್ಕೊ."

"ಬರ್ಕೊಳ್ಳೋಕಾಗಲ್ಲ ಅಜ್ಜಿ, ನಿಮ್ಮದು ಬಿಟ್ಟ ಮನೆ."

"ಓಟಿನ್ ದಿನಾನೂ ಬುಟ್ಬುಡ್ತರಾ? ನೋಡವ ಆಗ," ಎಂದರು ಕೆಂಪಾಜಮ್ಮ.

ಸುದ್ದಿ ನನಗಿಂತ ಮುಂದೆ ನಡೆಯಿತು. ಐದನೆಯ ಮನೆಗಳಲ್ಲೆಲ್ಲ ಚಾಪೆ, ಮಜ್ಜಿಗೆ, ಈಗಿರುವವರಿಗೇ ವೋಟು. ನಡುವಿನ ಮನೆಗಳ ಬಾಗಿಲಲ್ಲಿ ಗಂಟು ಮುಖ, ಎದುರಿನವರಿಗೇ ವೋಟು. ಪುಟ್ಟಸಿದ್ದಯ್ಯ ಎಂಬ ಮುದುಕರು ನನ್ನನ್ನು ತಡೆದು ನಿಲ್ಲಿಸಿದರು.

"ಮೂವತ್ತು ವರ್ಸದಿಂದ ಈಗಿರೋರ್ ಬಾವುಟ ಇಡ್ದಿವ್ನಿ ಕಣವ್ವ. ನೀನು ನನ್ ಮನೆ ದಾಟ್ದೆ ನೋಡು, ಇವತ್ಗೆ ಮುಗೀತು."

ಸಂಜೆಯ ಹೊತ್ತಿಗೆ ಟ್ಯಾಬ್‌ನಲ್ಲಿ ಇಪ್ಪತ್ತಕ್ಕೆ ಇಪ್ಪತ್ತೂ ಈಗಿರುವವರಿಗೆ. ಸೂಪರ್‌ವೈಸರಿಗೆ ಫೋನ್ ಮಾಡಿದೆ.

"ಸಾರ್, ಈ ಅಂಕಿ ನಂಬಬೇಡಿ. ಕೇಳಲಿಲ್ಲ ಅಂತಲೇ ಎಂಬತ್ತು ಮನೆ ತಿರುಗಿಬಿದ್ದಿವೆ."

"ನಿನ್ನ ಚುಕ್ಕಿ ನೋಡ್ತಾನೇ ಇದ್ದೀನಿ ಮಾಲಿನಿ, ಒಂದು ಹೆಜ್ಜೆನೂ ತಪ್ಪಿಲ್ಲ. ಕೇಳದೆ ಹೇಳಿದ್ದು ಅಭಿಪ್ರಾಯ ಅಲ್ಲಮ್ಮ, ಗಲಾಟೆ. ನೂರಕ್ಕೆ ನೂರು ಬಂದಿದೆ, ಟೀವಿಯೋರು ಕಾಯ್ತಾವ್ರೆ. ನಿನ್ನ ಕೆಲಸ ಖಾಯಂ. ಎಲ್ಲೂ ನಿಲ್ಲದೆ ಬಸ್ ಹತ್ತು, ನಾಳೆ ಹನೂರು."

ಬಸ್ಸಿನ ದಾರಿ ಕೆಂಪಾಜಮ್ಮನ ಮನೆ ಮುಂದೆಯೇ. ನನ್ನನ್ನು ಕಂಡು ಅವರು ಮುಖ ತಿರುಗಿಸಿಕೊಂಡರು. ಕಂಬಳಿ ಹೊದ್ದ ರಾಜ ನೆನಪಾದ. ಹೋಗಿ ಜಗಲಿಯ ಮೇಲೆ ಕೂತೆ.

"ಒಂದು ಲೋಟ ನೀರು ಕೊಡಿ ಅಜ್ಜಿ."

ಮಜ್ಜಿಗೆ ಬಂತು. "ಈಗ ಕೇಳು," ಎಂದು ಎದುರಿಗೆ ಕೂತರು.

"ಯಾರಿಗೆ ವೋಟು?"

ಕೆಂಪಾಜಮ್ಮ ಹತ್ತಿರ ಸರಿದು ದನಿ ತಗ್ಗಿಸಿದರು. "ಬೆಳಿಗ್ಗೆ ಅಂದಿದ್ದು ನಿನ್ ಮೇಲಿನ್ ಸಿಟ್ಗೆ. ದಿಟ ಏಳ್ಬೇಕು ಅಂದ್ರೆ, ಇನ್ನೂ ಗೊತ್ತಿಲ್ಲ ಕಣ್ ಮಗ."

ಟ್ಯಾಬ್‌ನಲ್ಲಿ 'ಗೊತ್ತಿಲ್ಲ' ಎನ್ನುವುದಕ್ಕೂ ಒಂದು ಚೌಕವಿತ್ತು. ಇಡೀ ದಿನ ನನ್ನ ಬೆರಳು ತಾಕದ ಚೌಕ. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು.

"ಮಾಲಿನಿ, ಚುಕ್ಕಿ ಯಾಕೆ ಬಿಟ್ಟ ಮನೇಲಿ ನಿಂತಿದೆ?"

"ಮಜ್ಜಿಗೆ ಕುಡೀತಿದ್ದೀನಿ ಸಾರ್," ಎಂದು ಫೋನನ್ನು ಜಗಲಿಯ ಮೇಲೆ ಬೋರಲು ಹಾಕಿ, ಚೌಕ ಒತ್ತಿದೆ.