ಕಲಿಯುವವರ ಗುಂಡು

ಹೊಲಿಗೆಯಂಗಡಿ ನಡೆಸುತ್ತಿದ್ದ ಕಿರಿಸೊಸೆಗೆ ರಿವಾಲ್ವರಿನ ಹುಚ್ಚು ಹತ್ತಿಸಿದವಳೇ ಅವಳ ಓರಗಿತ್ತಿ. ಹಿರಿಯವಳು ಶೂಟಿಂಗ್ ಕ್ಲಬ್ಬಿನಲ್ಲಿ ವರ್ಷಗಳಿಂದ ಮೊದಲ ಸ್ಥಾನ ಬಿಟ್ಟುಕೊಟ್ಟವಳಲ್ಲ. "ಮನೇಲಿ ಮುಖ ಮುಖ ನೋಡ್ಕೊಂಡು ಕೂರೋ ಬದಲು ಬಾ, ಗುಂಡು ಹೊಡೆಯೋಣ," ಎಂದು ನಗುತ್ತ ಕರೆದೊಯ್ದಿದ್ದಳು. ಸೂಜಿಯಲ್ಲಿ ಪಳಗಿದ ಕಣ್ಣು. ಮೊದಲ ವಾರವೇ ಕಿರಿಯವಳ ಗುಂಡುಗಳು ಗುರಿಯ ಕಾಗದದ ಕರಿಚುಕ್ಕೆಯ ಸುತ್ತಲೇ ಬಿದ್ದವು. ಕ್ಲಬ್ಬಿನವರು ಹುಬ್ಬೇರಿಸಿದರು.

ಅಂದಿನಿಂದ ಅವಳಿಗೆ ಗುಂಡು ಆರಿಸಿಕೊಡುವ ಕೆಲಸ, ಅವಳು ಅಕ್ಕ ಎಂದು ಕರೆಯುವ ಓರಗಿತ್ತಿಯದೇ ಆಯಿತು. ಕೆಂಪು ಪಟ್ಟಿಯ ಡಬ್ಬಿ, ಮದ್ದು ದಂಡಿಯಾಗಿ ತುಂಬಿದ್ದು. ಹೊಡೆದಾಗೆಲ್ಲ ರಿವಾಲ್ವರ್ ಎಗರಿ ಮುಂಗೈ ಜೋಮು ಹಿಡಿಯುತ್ತಿತ್ತು.

"ಅಕ್ಕ, ನಿಮ್ದು ಇಷ್ಟು ಒದೆಯಲ್ವಲ್ಲ?"

"ನಂದು ಹಗುರದ್ದು, ಕೈ ಪಳಗಿದೋರಿಗೆ. ಕಲಿಯೋರು ಮೊದಲೇ ಅದನ್ನ ಹಿಡಿದ್ರೆ ಕೈ ಕೆಡುತ್ತೆ."

ಅಕ್ಕ ಹೇಳಿದ ಮೇಲೆ ಮುಗಿಯಿತು. ದಿನ ಕಳೆದಂತೆ ಟ್ರಿಗರ್ ಎಳೆಯುವ ಮೊದಲೇ ಅವಳ ರೆಪ್ಪೆ ಮುಚ್ಚಿಕೊಳ್ಳತೊಡಗಿತು. ಕಾಗದದ ತುಂಬ ಚೆಲ್ಲಾಪಿಲ್ಲಿ ತೂತು. ಕ್ಲಬ್ಬಿನವರು 'ಜರಡಿ' ಎಂದು ಹೆಸರಿಟ್ಟರು. ಎಲ್ಲರೊಂದಿಗೆ ಅಕ್ಕನೂ ನಕ್ಕಳು. ಮನೆಗೆ ಬಂದು ಮುಂಗೈಗೆ ಎಣ್ಣೆ ತಿಕ್ಕಿ ಸಮಾಧಾನ ಮಾಡಿದಳು.

ಕ್ಲಬ್ಬಿನ ಪಂದ್ಯ ಹತ್ತಿರ ಬಂದಾಗ ಅಕ್ಕನಿಗೆ ಜ್ವರ. ಕಿರಿಯವಳು ಒಬ್ಬಳೇ ಹೋಗಿ ರೇಂಜಿನ ಕೌಂಟರಿನಲ್ಲಿ ಕೆಂಪು ಪಟ್ಟಿಯದನ್ನೇ ಕೇಳಿದಳು.

"ಕಾಗದಕ್ಕೆ ಹೊಡೆಯೋಕೆ ಇದ್ಯಾಕಮ್ಮ?" ಎಂದ ಕೌಂಟರಿನವನು.

"ಕಲಿಯೋರಿಗೆ ಇದೇ ಸರಿ ಅಂತ ನಮ್ಮಕ್ಕ ಹೇಳಿದಾರೆ."

ಅವನು ಆ ಡಬ್ಬಿ ಕೆಳಗಿಟ್ಟು ಇನ್ನೊಂದನ್ನು ತೆಗೆದ. "ಅವರ ಸ್ವಂತ ತಂಗಿಗೆ ಕಲಿಸುವಾಗ ಈ ಚಪ್ಪಟೆ ಮೂತಿಯ ಹಗುರದ್ದನ್ನೇ ಒಯ್ತಿದ್ರು. ಹೊಸಬರಿಗೆ ಭಾರದ್ದು ಕೊಡಬೇಡ, ಬೆಚ್ಚೋ ಚಟ ಅಂಟುತ್ತೆ ಅಂತ ನಂಗೆ ಹೇಳಿಕೊಟ್ಟಿದ್ದೇ ಅವರು."

ಅವಳು ಹಗುರದ್ದನ್ನೇ ಕೊಂಡಳು. ರಿವಾಲ್ವರ್ ಈಗ ಕೈಯಲ್ಲಿ ಬೆಕ್ಕಿನಮರಿಯಂತೆ ಕೂತಿತು. ಆದರೆ ಗುಂಡು ಹಗುರವಾದದ್ದು ರೆಪ್ಪೆಗೆ ಗೊತ್ತಾಗಲಿಲ್ಲ. ಅದು ಹಾಗೇ ಮುಚ್ಚಿತು.

ಮನೆಗೆ ಬಂದವಳೇ ಅಕ್ಕನ ಮಂಚದ ಪಕ್ಕ ನಿಂತು, ತನಗೆ ಭಾರದ್ದನ್ನೇ ಯಾಕೆ ಕೊಟ್ಟಿದ್ದೆಂದು ಕೇಳಿದಳು. ಹಿರಿಯವಳು ಸುಳ್ಳಾಡಲಿಲ್ಲ, ಗೋಡೆಯ ಕಡೆ ತಿರುಗಿದಳು.

"ಒಂದು ಮಾತು ಹೇಳಿದ್ದರೆ ನಾನು ಪಂದ್ಯಕ್ಕೇ ನಿಲ್ತಿರಲಿಲ್ಲ, ಅಕ್ಕ."

"ಗೊತ್ತು. ನೀನು ಬಿಟ್ಟುಕೊಟ್ಟಿದ್ದಕ್ಕೆ ನಾನು ಗೆದ್ದೆ ಅಂತ ಆಗೋದು ನಂಗೆ ಬೇಕಿರಲಿಲ್ಲ."

ತನ್ನ ಮುಂಗೈಗೆ ಎಣ್ಣೆ ತಿಕ್ಕಿದ್ದ ಆ ಕೈಯನ್ನೇ ಕಿರಿಯವಳು ನೋಡುತ್ತ ನಿಂತಳು.

ಪಂದ್ಯದಲ್ಲಿ ಹಿರಿಯವಳೇ ಗೆದ್ದಳು. ಅತ್ತೆ ಮಾವ ಮೆಚ್ಚಿ ಮಾತಾಡಿದರು. ಕೊನೆಯ ಸ್ಥಾನಕ್ಕೆ ಬಿದ್ದಿದ್ದ ಕಿರಿಯವಳು ಗುಂಡಿನ ಸದ್ದಿಗೆಂದು ಹಾಕಿದ್ದ ಕಿವಿಮುಚ್ಚಳ ತೆಗೆಯದೆ ಬೆಂಚಿನ ಮೇಲೆ ಕೂತಿದ್ದಳು. ಈಗಲೂ ರೇಂಜಿಗೆ ಹೋಗುತ್ತಾಳೆ, ಅಕ್ಕ ಹೋಗದ ದಿನ. ಗುಂಡು ಹಾಕದೆ, ಖಾಲಿ ರಿವಾಲ್ವರಿನ ಟ್ರಿಗರ್ ಎಳೆಯುತ್ತ, ಕಣ್ಣು ತೆರೆದಿಡುವುದನ್ನು ಕಲಿಯುತ್ತಿದ್ದಾಳೆ.