ಸುಟ್ಟ ಫ್ಯೂಸಿನ ಡಬ್ಬ

"ಕೈ ಸಡಿಲ ಬುಡೇ, ಮುಷ್ಟಿ ಕಟ್ಬೇಡ," ಎನ್ನುತ್ತ ದೇವಿರಮ್ಮ ಸೊಸೆಯ ಅಂಗೈಯನ್ನು ಹಿಂಡಿ ಇನ್ನೊಂದು ಹಸಿರು ಬಳೆ ತುರುಕಿದಳು.

ಬಳೆಯ ಅಳತೆ ಚಿಕ್ಕದು. ಮುದುಕಿಗೆ ಅದು ಗೊತ್ತಿತ್ತು. ಆದರೆ ಇನ್ನೊಂದು ಗಳಿಗೆಗೆ ಒಡೆದುಹಾಕುವ ಬಳೆಗೆ ಅಳತೆ ಯಾರು ನೋಡುತ್ತಾರೆ? ನಾಗಮಣಿಯ ಹೆಬ್ಬೆರಳಿನ ಬುಡ ಕೆಂಪಗೆ ಬಾತಿತ್ತು. ತಲೆತುಂಬ ಹೂವು, ಕೆನ್ನೆತುಂಬ ಅರಿಸಿನ, ಹಣೆಯಲ್ಲಿ ಕಾಸಗಲ ಕುಂಕುಮ. ಮದುವೆಯಾಗಿ ಹದಿಮೂರು ವರ್ಷವಾಗಿತ್ತು. ಈ ಮನೆಯವರು ಅವಳನ್ನು ಇಷ್ಟು ಮುತುವರ್ಜಿಯಿಂದ ಸಿಂಗರಿಸಿದ್ದು ಇವತ್ತೇ ಮೊದಲು, ಇವತ್ತೇ ಕೊನೆ.

ಒಂಟಿಕೊಪ್ಪಲಿನ ಆ ಹೆಂಚಿನ ಮನೆಯ ಅಂಗಳದಲ್ಲಿ ಅವಳ ಗಂಡ ಚೆಲುವರಾಜು ಚಟ್ಟದ ಮೇಲೆ ಮಲಗಿದ್ದ. ನೆನ್ನೆ ಸಂಜೆ ಲಷ್ಕರ್ ಮೊಹಲ್ಲಾದ ತನ್ನ ಶೆಡ್ಡಿನಲ್ಲಿ ಯಾರದೋ ಕಾರಿನ ಬಾನೆಟ್ಟಿನೊಳಗೆ ತಲೆಹಾಕಿದ್ದವನು ಎದೆ ಹಿಡಿದುಕೊಂಡು ಹಾಗೇ ಕುಸಿದಿದ್ದ. ಕಾರಿನ ವೈರಿಂಗು, ಡೈನಮೋ, ಫ್ಯೂಸು ಎಂದರೆ ಮೈಸೂರಿನ ಡ್ರೈವರುಗಳಿಗೆಲ್ಲ ಅವನೇ ಗತಿ. ಅದಕ್ಕೇ ಬೀದಿಯ ಉದ್ದಕ್ಕೂ ಟ್ಯಾಕ್ಸಿಗಳು ನಿಂತಿದ್ದವು.

ಅವನ ಅಣ್ಣ ಜವರಯ್ಯ ಬಹಳ ಮುಂದಾಲೋಚನೆಯ ಮನುಷ್ಯ. ಹೆಣಕ್ಕೆ ನೀರು ಹಾಕುವ ಮೊದಲೇ ಶೆಡ್ಡಿಗೆ ಬೀಗ ಜಡಿದು, ಸ್ಪ್ಯಾನರು, ಇಕ್ಕಳ, ವೈರಿನ ಸುರುಳಿಗಳನ್ನೆಲ್ಲ ಗಾಡಿಯಲ್ಲಿ ಹೇರಿಸಿ ತಂದು ಜಗಲಿಯ ಮೇಲೆ ಗುಡ್ಡೆ ಹಾಕಿದ್ದ. ಕೇಳಿದರೆ ಕಳ್ಳರ ಕಾಟ ಅಂದ. ಆ ಗುಡ್ಡೆಯ ಪಕ್ಕದಲ್ಲೇ ನಾಗಮಣಿಯ ತಗಡಿನ ಟ್ರಂಕೂ ಬಂದು ಕೂತಿತ್ತು.

"ಮಣ್ಣಾದ ಮ್ಯಾಲೆ ಇವ್ಳಿಗೆ ಇಲ್ಲೇನು ಕೆಲ್ಸ? ಒಂದು ಕೂಸಾದ್ರೂ ಇದ್ದಿದ್ರೆ ಬೇರೆ ಮಾತು," ಎಂದು ಅವನು ನೆಂಟರ ನಡುವೆ ನಿಂತು ಹೇಳಿದ್ದ. "ಬಂಜೆ ಹೆಂಗ್ಸು, ತವರಿಗೋಗ್ಲಿ."

"ನನ್ ಮಗನ ವಂಸ ತಿಂದ್ಲು," ಎಂದು ದೇವಿರಮ್ಮ ಎದೆ ಬಡಿದುಕೊಂಡಿದ್ದಳು. "ಆ ಮೊದಲ್ನೇ ಸೊಸೆ ದರಿದ್ರದವ್ಳು ಅರ್ಧ ತಿಂದ್ಲು, ಇವ್ಳು ಮಿಕ್ಕಿದ್ದು ತಿಂದ್ಲು."

ತವರು ಎಂದರೆ ತಮ್ಮನ ಮನೆ. ಅಲ್ಲಿ ತಮ್ಮನ ಹೆಂಡತಿ ಇವಳ ಕಣ್ಣು ತಾಕೀತೆಂದು ತನ್ನ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದಳು. ನಾಗಮಣಿಗೆ ಗಂಡ ಸತ್ತದ್ದಕ್ಕಿಂತ ಆ ಬಾಗಿಲಿಗೆ ಹೋಗಿ ನಿಲ್ಲಬೇಕಲ್ಲ ಎನ್ನುವುದೇ ದೊಡ್ಡ ಸಂಕಟವಾಗಿತ್ತು.

*

ಶೆಡ್ಡಿನ ಗೋಡೆಗೂಡಿನಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬವಿತ್ತು. ಚೆಲುವರಾಜು ಸುಟ್ಟುಹೋದ ಗಾಜಿನ ಫ್ಯೂಸುಗಳನ್ನೆಲ್ಲ ಅದರಲ್ಲಿ ಹಾಕಿಡುತ್ತಿದ್ದ. ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಕೊಳವೆಗಳು, ಒಳಗೆ ಮಸಿ, ತುಂಡಾದ ಎಳೆ.

ಒಂದು ಮಧ್ಯಾಹ್ನ ನಾಗಮಣಿ ಬುತ್ತಿ ತಂದಾಗ ಟ್ಯಾಕ್ಸಿ ಡ್ರೈವರ್ ಮಹದೇವು ಅಲ್ಲಿ ಕೈಕಟ್ಟಿ ನಿಂತಿದ್ದ. ಫ್ಯೂಸು ಹೋಯಿತೆಂದು ಅವನು ಸಿಗರೇಟು ಪ್ಯಾಕಿನ ಬೇಗಡೆ ಸುತ್ತಿ ಗಾಡಿ ಓಡಿಸಿದ್ದ. ವೈರು ಬೆಂದು ಹೊಗೆ ಎದ್ದಿತ್ತು.

"ಎಲ್ರೂ ಬನ್ರಯ್ಯಾ, ಈ ಬುದ್ಧಿವಂತನ ಮೊಕ ನೋಡಿ!" ಎಂದು ಚೆಲುವರಾಜು ಬೀದಿಯವರನ್ನೆಲ್ಲ ಕರೆದ. ಬೇಗಡೆಯ ಚೂರನ್ನು ಮಹದೇವುವಿನ ಹಣೆಗೆ ಅಂಟಿಸಿದ. ಜನ ನಕ್ಕರು.

ಆಮೇಲೆ ಕೆಲಸಕ್ಕೆ ಕೈಹಾಕಿದ. ಆಗ ಅವನೇ ಬೇರೆ ಮನುಷ್ಯ. ಮೊದಲು ಬ್ಯಾಟರಿಯ ತಂತಿ ಬಿಚ್ಚಿದ. ಫ್ಯೂಸು ಕೂರುವ ಹಿಡಿಕೆಯನ್ನು ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿದ. ಹೊಸ ಫ್ಯೂಸನ್ನು ಮಾತ್ರ ಹಾಕಲಿಲ್ಲ. ವೈರನ್ನು ಬೆರಳಲ್ಲಿ ಸವರುತ್ತ ಹಾರನ್ನಿನವರೆಗೂ ಹೋಗಿ, ರಬ್ಬರು ಸವೆದು ತಂತಿ ಕಾರಿನ ತಗಡಿಗೆ ತಗಲುವ ಜಾಗ ಹುಡುಕಿ ಟೇಪು ಸುತ್ತಿದ. ಅದಾದ ಮೇಲೆ ಹಳೆಯದರಷ್ಟೇ ಆಂಪಿಯರಿನ ಫ್ಯೂಸು ಕೂರಿಸಿದ.

"ಯಾಕೆ ಹೋಯ್ತು ಅಂತ ನೋಡ್ದೆ ಫ್ಯೂಸು ಬದಲಾಯ್ಸೋನು ಕತ್ತೆ ಕಣೋ," ಅಂದ. "ಒಂದು ಹೋದ್ರೆ ಫ್ಯೂಸಿನ ಆಯಸ್ಸು ಮುಗೀತು ಅನ್ನು. ಅದೇ ಜಾಗದಲ್ಲಿ ಎರಡ್ನೇದೂ ಹೋದ್ರೆ, ತಪ್ಪು ಫ್ಯೂಸಿಂದಲ್ಲ, ಗಾಡೀದು."

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಮದುವೆಯಾಗಿ ಆರನೇ ವರ್ಷ ನಾಗಮಣಿ ಅವನನ್ನು ಕಾಡಿಬೇಡಿ ದೊಡ್ಡಾಸ್ಪತ್ರೆಗೆ ಕರೆದೊಯ್ದಿದ್ದಳು. ಲೇಡಿ ಡಾಕ್ಟರು ಇವಳನ್ನು ನೋಡಿ, ತೊಂದರೆಯೇನೂ ಕಾಣುತ್ತಿಲ್ಲ, ಯಜಮಾನರನ್ನೂ ಒಮ್ಮೆ ಪರೀಕ್ಷೆ ಮಾಡಬೇಕು ಅಂದರು. ಚೆಲುವರಾಜು ಎದ್ದು ನಿಂತ. ಸಾಲಾಗಿ ಕೂತಿದ್ದ ಬಸುರಿಯರೆಲ್ಲ ಕೇಳುವಂತೆ ನಕ್ಕ.

"ಗಾಡಿ ಸರ್ಯಾಗದೆ ಡಾಕ್ಟ್ರೇ. ಫ್ಯೂಸೇ ಕಳಪೆ. ಮೊದಲ್ನೇದೂ ಅಂಗೇ ಇತ್ತು, ಬದಲಾಯ್ಸಿದೆ. ಈಗ ಇನ್ನೊಂದು ಮದ್ವೆ ಆಗಂಗಿಲ್ಲ ಅಂತ ಹಾಳಾದ್ದು ಕಾನೂನು ಬಂದ್ಬುಟ್ಟದೆ, ಇಲ್ಲಾಂದ್ರೆ ಇದ್ನೂ ಬದಲಾಯಿಸ್ತಿದ್ದೆ."

ಮನೆಗೆ ಬರುವಾಗ ದಾರಿಯುದ್ದಕ್ಕೂ ಅವನು ಮುಂದೆ, ಅವಳು ಹಿಂದೆ. ಅವಳು ಅವತ್ತು ಅವನನ್ನು ಮನಸಾರೆ ದ್ವೇಷಿಸಿದಳು. ಮಾರನೆಯ ದಿನ ಬುತ್ತಿಯನ್ನೂ ಕಟ್ಟಿದಳು.

*

ಬಾಯಿಗೆ ಅಕ್ಕಿ ಹಾಕುವುದು ನಡೆದಿತ್ತು. ಹೆಂಗಸರು ಒಬ್ಬೊಬ್ಬರಾಗಿ ಹೆಣದ ತುಟಿಯ ಮೇಲೆ ನಾಲ್ಕು ಕಾಳು ಉದುರಿಸಿ ಸರಿಯುತ್ತಿದ್ದರು. ಅಷ್ಟರಲ್ಲಿ ಮಹದೇವುವಿನ ಟ್ಯಾಕ್ಸಿ ಬಂದು ಗೇಟಿನ ಎದುರು ನಿಂತಿತು. ನಾಗಮಣಿಯ ಟ್ರಂಕು ಸಾಗಿಸಲು ಜವರಯ್ಯನೇ ಅವನಿಗೆ ಹೇಳಿಕಳಿಸಿದ್ದ. ಹಿಂದಿನ ಸೀಟಿನಲ್ಲಿ ಒಬ್ಬಳು ಹೆಂಗಸು ಇದ್ದಳು.

"ಯಾರ್ಲಾ ಅದು?" ಎಂದ ಜವರಯ್ಯ.

ಮಹದೇವು ತಲೆ ತುರಿಸಿಕೊಂಡ. "ಭಾಗ್ಯಮ್ಮ. ಚೆಲುವಣ್ಣನ ಮೊದಲ್ನೇ ಮನೇವ್ರು. ಆಸ್ಪತ್ರೆ ತಾವ ಸಿಕ್ಕಿದ್ರು. ಇಸ್ಯ ಕೇಳಿ, ಗೇಟಿನಾಚೆಯಿಂದ್ಲೇ ಒಂದ್ಸಲ ಮೊಕ ನೋಡ್ಕೊಂಡು ಹೋಯ್ತೀನಿ ಅಂದ್ರು."

"ಒಳಕ್ಕೆ ಬರಕ್ಕೇನು ಕೇಡು?"

"ಬರಂಗಿಲ್ಲ ಕಣಣ್ಣ. ತುಂಬಿದ ಬಸುರಿ."

ತಮಟೆಯವನ ಕೈ ನಿಂತಿತು. ಬಸುರಿ ಸಾವಿನ ಮನೆಯ ಹೊಸಿಲು ತುಳಿಯಬಾರದು, ಅದು ಎಲ್ಲರಿಗೂ ಗೊತ್ತು. ಆದರೆ ಬಸುರಿ ಯಾರು ಎನ್ನುವುದನ್ನು ನಂಬಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಚೆಲುವಣ್ಣ ಬುಟ್ಟು ಬಿಡುಗಡೆ ಆದ್ಮೇಲೆ ಇಲವಾಲದವನ ಜೊತೆ ಕೂಡಾವಳಿ ಮದ್ವೆ ಆದ್ರಂತೆ," ಎಂದ ಮಹದೇವು, ಯಾರೂ ಕೇಳದಿದ್ದರೂ. "ಇದು ನಾಲ್ಕನೇದಂತೆ."

ನಾಗಮಣಿ ಎದ್ದು ನಿಂತಳು. ಎರಡೂ ಕೈಯ ಬಳೆ ಗಲಗಲ ಎಂದವು. ಹದಿಮೂರು ವರ್ಷ ಎದುರು ಮಾತಾಡದವಳು ಅತ್ತೆಯ ಕಡೆಗೆ ತಿರುಗಿದಳು.

"ಅತ್ತೆ, ನಿಮ್ ಮಗನೇ ಹೇಳ್ತಿದ್ರಲ್ಲ. ಎರಡ್ನೇ ಫ್ಯೂಸೂ ಹೋದ್ರೆ ತಪ್ಪು ಫ್ಯೂಸಿಂದಲ್ಲ ಅಂತ. ಯಾರ ತಪ್ಪು ಅಂತ ಈಗ್ಲಾದ್ರೂ ನೋಡಿ. ನನ್ನನ್ನ ಬಂಜೆ ಅನ್ನೋ ಮೊದ್ಲು ಅಕ್ಕನ್ನ ಕೇಳಿ."

ಮಹದೇವು ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ. ಹಣೆಗೆ ಬೇಗಡೆ ಅಂಟಿಸಿಕೊಂಡ ದಿನವನ್ನು ಅವನು ಮರೆತಿರಲಿಲ್ಲ.

ನಾಗಮಣಿ ಯಾರು ತಡೆದರೂ ನಿಲ್ಲದೆ ಗೇಟಿನ ಹತ್ತಿರ ಹೋದಳು. ಭಾಗ್ಯಮ್ಮ ಕಿಟಕಿಯಿಂದ ಹೆಣದ ಕಡೆಗೇ ನೋಡುತ್ತಿದ್ದಳು. ಕಣ್ಣಲ್ಲಿ ನೀರಿತ್ತು. ಈ ಮನೆಯಲ್ಲಿ ಅವಳೂ ಅದೇ ಮಾತು ತಿಂದವಳು.

"ಅಕ್ಕಾ, ಒಂದು ಮಾತು ಹೇಳಿ ಇವ್ರಿಗೆ. ನಮ್ಮಿಬ್ರದೂ ತಪ್ಪಿರ್ಲಿಲ್ಲ ಅಂತ. ಅಷ್ಟು ಸಾಕು."

ಭಾಗ್ಯಮ್ಮ ತಿರುಗಿದಳು. ಅವಳಿಗೆ ಕಂಡದ್ದು ತಲೆತುಂಬ ಹೂವು, ಕೈತುಂಬ ಹಸಿರು ಬಳೆ, ಕಾಸಗಲ ಕುಂಕುಮ. ಮುಂಡೆ ಮಾಡಲು ಅಣಿಗೊಳಿಸಿದ ಹೆಂಗಸು, ಮಾರು ದೂರದಲ್ಲಿ, ತನ್ನ ಬಸುರನ್ನೇ ನೋಡುತ್ತ ನಿಂತಿದ್ದಳು. ಭಾಗ್ಯಮ್ಮ ಸೆರಗನ್ನು ಸರ್ರನೆ ಎಳೆದು ಹೊಟ್ಟೆಯನ್ನು ಮುಚ್ಚಿಕೊಂಡಳು. ಮುಖವನ್ನು ಆಚೆ ತಿರುಗಿಸಿದಳು.

"ದೃಷ್ಟಿ ಬಿದ್ದೀತು, ಹೊರಡಪ್ಪ, ಬಿರ್ರನೆ ಹೊರಡು," ಎಂದು ಮಹದೇವುವಿನ ಸೀಟಿಗೆ ಬಡಿದಳು.

ಟ್ಯಾಕ್ಸಿ ಹೋಯಿತು. ಧೂಳು ಇಳಿಯುವುದರೊಳಗೆ ದೇವಿರಮ್ಮ ಬಂದು ಸೊಸೆಯ ಜಡೆ ಹಿಡಿದಿದ್ದಳು.

"ನೋಡಿದ್ರೇನ್ರವ್ವಾ? ಮೂರು ಹೆತ್ತೋಳೇ ಇವ್ಳ ನೆಳ್ಳಿಗೆ ಹೆದರ್ಕಂಡು ಓಡೋದ್ಲು. ಇನ್ನೇನು ಸಾಕ್ಷಿ ಬೇಕು ನಿಮ್ಗೆ?"

ಹೌದಲ್ಲ ಎಂದು ಹೆಂಗಸರು ತಲೆಯಾಡಿಸಿದರು. ಜವರಯ್ಯ ನಿಟ್ಟುಸಿರು ಬಿಟ್ಟು ಬಾರಿಸು ಎಂದು ತಮಟೆಯವನಿಗೆ ಕೈಸನ್ನೆ ಮಾಡಿದ.

ನಾಗಮಣಿಯನ್ನು ಜಗಲಿಯಂಚಿಗೆ ಕೂರಿಸಿ ಕೈಯನ್ನು ಕಲ್ಲಿನ ಮೇಲೆ ಚಾಚಿಸಿದರು. ಬಳೆ ಒಡೆಯಲು ಯಾರೋ ಗುಂಡುಕಲ್ಲು ಹುಡುಕಹೊರಟರು. ದೇವಿರಮ್ಮ ಕಾಯಲಿಲ್ಲ. ಪಕ್ಕದ ಗುಡ್ಡೆಯಿಂದ ಮಗನ ಸ್ಪ್ಯಾನರು ಎತ್ತಿಕೊಂಡಳು. ಮೂರು ಏಟು ಬಳೆಗೆ ಬಿದ್ದವು, ನಾಲ್ಕನೆಯದು ಮೂಳೆಗೆ. ನಾಗಮಣಿ ಕಿರುಚಿದ್ದು ತಮಟೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

"ಚಟ್ಟ ಹೊರೋರು ಬರಿಗಾಲಲ್ಲವ್ರೆ, ಗಾಜು ಚುಚ್ಚೀತು," ಎಂದು ಒಬ್ಬಳು ಎಚ್ಚರಿಸಿದಳು.

ದೇವಿರಮ್ಮ ಚೂರುಗಳನ್ನು ಅಂಗೈಯಿಂದ ಬಳಿದು ಗುಡ್ಡೆ ಮಾಡಿ ಸುತ್ತ ನೋಡಿದಳು. ಕೈಗೆ ಸಿಕ್ಕಿದ್ದು ಶೆಡ್ಡಿನ ಸಾಮಾನಿನ ಜೊತೆ ಬಂದಿದ್ದ ಬಿಸ್ಕತ್ತಿನ ಡಬ್ಬ. ರಕ್ತ ಹತ್ತಿದ ಹಸಿರು ಚೂರುಗಳನ್ನು ಅದರಲ್ಲಿ, ಮಸಿ ಹಿಡಿದ ಫ್ಯೂಸುಗಳ ಮೇಲೆ ಸುರಿದಳು. ಡಬ್ಬ ತುಂಬಿಹೋಯಿತು. ಮುಚ್ಚಳ ಕೂರಲಿಲ್ಲ. ಅತ್ತ ಚಟ್ಟ ಮೇಲೇಳುತ್ತಿದ್ದರೂ ಮುದುಕಿ ತಿರುಗಿ ನೋಡದೆ, ಮುಚ್ಚಳದ ಮೇಲೆ ಎರಡೂ ಕೈಯಿಟ್ಟು, ಒಳಗೆ ಗಾಜು ಕಟಕಟನೆ ಮುರಿಯುವವರೆಗೂ ಅದುಮಿದಳು.